ರಾತ್ರಿಯ ಶುಶ್ರೂಷೆ: ಬೀದರಿನ ದಾರುಶ್ಶಿಫಾ ಮತ್ತು 1936ರ ಆದೇಶಪತ್ರ

ನೌಬಾದದ ಸುರಂಗ ಬಾವಿಯನ್ನು ನೋಡಲು ಬರುವವರು ಬಹಮನಿಗಳ ಜಲವಿದ್ಯೆಯನ್ನು ಮೆಚ್ಚಿ ಹಿಂತಿರುಗುತ್ತಾರೆ. ಅದೇ ವಂಶದ ಎರಡನೆಯ ಅಲ್ಲಾವುದ್ದೀನ್ ಅಹ್ಮದ್ ಷಾ (1436–1458) ಬೀದರಿನಲ್ಲಿ ಕಟ್ಟಿಸಿದ ದಾರುಶ್ಶಿಫಾ, ಅಂದರೆ ಆಸ್ಪತ್ರೆ, ನೆನಪಾಗುವುದು ವಿರಳ. ಫೆರಿಶ್ತಾನ ಪ್ರಕಾರ ಅದಕ್ಕೆ ಗ್ರಾಮಗಳ ಉತ್ಪನ್ನವನ್ನು ಬಿಟ್ಟುಕೊಡಲಾಗಿತ್ತು. ಔಷಧ, ಆಹಾರಗಳು ಅದರಿಂದಲೇ ಸಲ್ಲುತ್ತಿದ್ದವು. ಹಿಂದೂ ವೈದ್ಯರೂ ಮುಸ್ಲಿಂ ಹಕೀಮರೂ ನೇಮಕಗೊಂಡಿದ್ದರು. ರಾತ್ರಿ ರೋಗಿಯ ಮಗ್ಗುಲು ಬದಲಿಸಿದವರು ಯಾರೆಂಬ ಮಾತು ಅಲ್ಲಿಲ್ಲ.

ಶುಶ್ರೂಷೆಯ ಕುರಿತ ಇಂಥ ಅಲಕ್ಷ್ಯ ನಮ್ಮ ಧರ್ಮಸಭೆಗೂ ಹೊಸತಲ್ಲ. 1917ರ ಸಂಹಿತೆಯ 139ನೆಯ ವಿಧಿಯು ರೋಮಿನ ಅನುಮತಿಯಿಲ್ಲದೆ ಯಾಜಕರು ವೈದ್ಯವೃತ್ತಿ ನಡೆಸುವುದನ್ನು ತಡೆಯಿತು. 592ನೆಯ ವಿಧಿಯು ಆ ತಡೆಯನ್ನು ಸಂನ್ಯಸ್ತರಿಗೂ ವಿಸ್ತರಿಸಿತು. ಹೆರಿಗೆಯ ಕೋಣೆಯಂತೂ ಧರ್ಮಭಗಿನಿಯರಿಗೆ ದೂರವೇ ಆಗಿತ್ತು. ಇದರ ಫಲವನ್ನು ಉಂಡವರು ಪರದೆಯೊಳಗಿನ ತಾಯಂದಿರು. ಪುರುಷ ವೈದ್ಯನನ್ನು ಮನೆತನ ಒಳಗೆ ಬಿಡದು. ಒಳಗೆ ಹೋಗಬಲ್ಲ ಭಗಿನಿಗೆ ಅಧಿಕಾರವಿಲ್ಲ. ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ಈ ವಿಷಯವಾಗಿ ರೋಮಿಗೆ ಪದೇ ಪದೇ ಮೊರೆಯಿಟ್ಟರು. ಆಸ್ಟ್ರೇಲಿಯಾದ ಡಾ. ಮೇರಿ ಗ್ಲೌರಿ 1920ರಲ್ಲಿ ಗುಂಟೂರಿಗೆ ಬಂದು, ಸಂನ್ಯಾಸಿನಿಯಾಗಿ, ಪೋಪರ ವಿಶೇಷ ಅನುಮತಿಯಿಂದ ವೈದ್ಯವೃತ್ತಿ ನಡೆಸಿದರು. ಸ್ಥಳೀಯ ಸ್ತ್ರೀಯರನ್ನು ದಾದಿಯರಾಗಿಯೂ ಸೂಲಗಿತ್ತಿಯರಾಗಿಯೂ ತರಬೇತುಗೊಳಿಸಿದರು. ಕೊನೆಗೆ 1936ರ ಫೆಬ್ರವರಿ 11ರಂದು ಪ್ರೊಪಗಾಂದಾ ಫೀದೆ ಹೊರಡಿಸಿದ ಆದೇಶಪತ್ರವು ಪ್ರೇಷಿತ ನಾಡುಗಳಲ್ಲಿ ಭಗಿನಿಯರಿಗೆ ವೈದ್ಯಕೀಯದ ಬಾಗಿಲನ್ನು ತೆರೆಯಿತು. ಕೇವಲ ಮರುಕ ಸಾಲದು, ತಕ್ಕ ಶಿಕ್ಷಣವೂ ಅರ್ಹತಾಪತ್ರವೂ ಬೇಕೆಂದಿತು.

ಇದನ್ನು ನಾವು ಜಯದ ಕಥೆಯಾಗಿಯೇ ಪಾಠ ಹೇಳುತ್ತೇವೆ. ಅದು ಜಯವೇ ಹೌದು. ಆದರೆ ಮಠದ ಗಂಟೆಯ ಪ್ರಕಾರ ನಡೆದ ಆಸ್ಪತ್ರೆಯಲ್ಲಿ ಒಬ್ಬಳೇ ಭಗಿನಿ ರೋಗಿಯನ್ನು ದಿನವೂ ಬಲ್ಲವಳಾದರೆ, ವಿಧೇಯತೆಯ ವ್ರತವು ಅವಳ ದಣಿವನ್ನು ಮರೆಮಾಡಿತು. ಮನೆಯವರು ಭೇಟಿಯ ಹೊತ್ತಿನ ಅತಿಥಿಗಳಾದರು ಎಂಬುದು ನಮ್ಮ ಅಭಿಪ್ರಾಯ.

ಇತ್ತ ನಮ್ಮ ಸರ್ಕಾರಿ ವಾರ್ಡುಗಳಲ್ಲಿ ಇದಕ್ಕೆ ವಿರುದ್ಧವಾದುದೇ ರೂಢಿ. ದಾದಿ ಒಬ್ಬಳು, ಹಾಸಿಗೆ ಹಲವು. ಉಣಿಸುವುದು, ಒರೆಸುವುದು, ಕಾಯುವುದೆಲ್ಲ ಮಂಚದ ಕೆಳಗೆ ಚಾಪೆ ಹಾಸಿದ ಮಗಳದೋ ಸೊಸೆಯದೋ ಪಾಲು. ಅವಳಿಗೆ ಯಾರೂ ಏನನ್ನೂ ಕಲಿಸಿರುವುದಿಲ್ಲ. ಬೆಂಗಳೂರಿನ ನಾರಾಯಣ ಆಸ್ಪತ್ರೆಯಲ್ಲಿ ನೂರಾ ಹೆಲ್ತ್ ಸಂಸ್ಥೆಯು ಇಂಥವರಿಗೇ ಆರೈಕೆಯ ಪಾಠ ಆರಂಭಿಸಿದ್ದು ಗಮನಾರ್ಹ. ರೋಗಿಗಳ ಅಭ್ಯಂಗಕ್ಕೆ ಹೋದ ಗುರುಗಳು ಅವಳಿಗೆ ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳುವುದನ್ನು ನಾವು ಕಂಡಿದ್ದೇವೆ. ನಾವೇ ಹೇಳಿದ್ದೂ ಉಂಟು.