ಗಡಿಯಾಚೆಯ ಆಸ್ಪತ್ರೆ

'ಆಪತ್ತಿಗಾದವನೇ ನೆಂಟ' ಎಂಬ ಗಾದೆಯನ್ನು ನಾವೆಲ್ಲ ಬಾಲ್ಯದಿಂದಲೇ ಕೇಳುತ್ತ ಬಂದವರು. ಆದರೆ ನೆಂಟನು ಆಪತ್ತಿಗೆ ಒದಗಲು ಸಿದ್ಧನಾಗಿದ್ದರೂ ನಡುವಿನ ದಾರಿಯೇ ಮುಚ್ಚಿಹೋದರೆ ಮಾಡಬೇಕಾದುದೇನು ಎಂಬುದನ್ನು ಯಾವ ಗಾದೆಯೂ ಹೇಳಿಕೊಟ್ಟಿಲ್ಲ. ೨೦೨೦ರ ಮಾರ್ಚ್ ಕೊನೆಯಲ್ಲಿ ಕಾಸರಗೋಡಿನ ಜನರ ಮುಂದೆ ಈ ಪ್ರಶ್ನೆ ಬಂದು ನಿಂತಿತು. ಅದಕ್ಕೆ ಉತ್ತರವನ್ನು ಕೊಚ್ಚಿಯ ನ್ಯಾಯಾಲಯದಲ್ಲಿಯೂ ತಿರುವನಂತಪುರದ ಸೆಕ್ರೆಟೇರಿಯಟ್ಟಿನಲ್ಲಿಯೂ ಕೊನೆಗೆ ದೆಹಲಿಯಲ್ಲಿಯೂ ಹುಡುಕಬೇಕಾಯಿತು. ಆ ದಿನಗಳ ವೃತ್ತಾಂತವು ಹೊರನಾಡಿನಲ್ಲಿ ನೆಲಸಿದ ಕನ್ನಡಿಗರಾದ ನಾವು ಮರೆಯಬಾರದ ಚರಿತ್ರೆ. ಏಕೆಂದರೆ ಅಲ್ಲಿ ಬಾಗಿಲು ಮುಚ್ಚಿದ್ದು ಕನ್ನಡನಾಡು. ಹೊರಗೆ ನಿಂತವರಲ್ಲಿ ಕನ್ನಡಿಗರೂ ಇದ್ದರು.

ಒಂದೇ ಊರಿನಂತಿದ್ದ ನಾಡು

ಹಿಂದಿನ ಕಥೆಯನ್ನು ಸ್ವಲ್ಪ ನೆನೆಯಬೇಕು. ೧೯೫೬ರ ನವೆಂಬರ್ ೧ಕ್ಕೆ ಮುಂಚೆ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲ್ಲೂಕು. ಜಿಲ್ಲೆಯ ಕೇಂದ್ರ ಮಂಗಳೂರು. ಕಚೇರಿಯ ಕೆಲಸ, ಕಾಲೇಜು, ವ್ಯಾಪಾರ, ಮದುವೆಯ ಜವಳಿ ಎಲ್ಲಕ್ಕೂ ಜನರು ಮಂಗಳೂರಿಗೇ ಹೋಗುತ್ತಿದ್ದರು. ೧೯೦೭ರಲ್ಲಿ ಮಲಬಾರಿನ ಕಡೆಯಿಂದ ರೈಲು ಹಳಿ ಮಂಗಳೂರನ್ನು ಮುಟ್ಟಿದ ಮೇಲಂತೂ ಈ ನಂಟು ಇನ್ನಷ್ಟು ಗಟ್ಟಿಯಾಯಿತು.

ಕಾಯಿಲೆ ಕಸಾಲೆಗೂ ಮಂಗಳೂರೇ ಗತಿ. ಜರ್ಮನಿಯಿಂದ ಬಂದ ಫಾದರ್ ಮುಲ್ಲರ್ ಅವರು ೧೮೮೦ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಮದ್ದು ಕೊಡಲು ತೊಡಗಿದರು. ಅದು ಬೆಳೆದು ದೊಡ್ಡ ಆಸ್ಪತ್ರೆಯಾಯಿತು. ಸರಕಾರದ ವೆನ್‌ಲಾಕ್ ಆಸ್ಪತ್ರೆ ಇತ್ತು. ಡಾ. ಟಿ. ಎಂ. ಎ. ಪೈಗಳು ೧೯೫೩ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು; ಎರಡೇ ವರ್ಷಗಳಲ್ಲಿ ಅದರ ಶಾಖೆ ಮಂಗಳೂರಿಗೂ ಬಂತು. ಹೀಗೆ ರಾಜ್ಯಗಳ ಪುನರ್‌ವಿಂಗಡಣೆಯಾಗುವ ಹೊತ್ತಿಗೆ ಮಂಗಳೂರು ಸುತ್ತಣ ನಾಡಿಗೆಲ್ಲ ವೈದ್ಯನಗರವಾಗಿತ್ತು.

ಕಾಸರಗೋಡು ಕೇರಳಕ್ಕೆ ಸೇರಿತು. ಅದರ ವಿರುದ್ಧ ನಡೆದ ಚಳವಳಿ, ಕಯ್ಯಾರ ಕಿಞ್ಞಣ್ಣ ರೈಗಳಂಥವರ ಹೋರಾಟ, ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ೧೯೬೭ರಲ್ಲಿ ಮಹಾಜನ ಆಯೋಗ ಮಾಡಿದ ಶಿಫಾರಸು, ಅದು ಕಡತದಲ್ಲೇ ಉಳಿದದ್ದು, ಇವೆಲ್ಲ ವಾಚಕರಿಗೆ ತಿಳಿದ ಸಂಗತಿಗಳೇ. ನಾವು ಆ ವಿವಾದವನ್ನು ಬಹುಕಾಲ ಭಾಷೆಯ ಪ್ರಶ್ನೆಯೆಂದೇ ಕಂಡೆವು. ಶಾಲೆಯಲ್ಲಿ ಯಾವ ಭಾಷೆ, ಕಚೇರಿಯ ಬೋರ್ಡಿನಲ್ಲಿ ಯಾವ ಲಿಪಿ ಎಂದು ಚರ್ಚಿಸಿದೆವು. ರೋಗಿಯನ್ನು ಎಲ್ಲಿಗೆ ಕೊಂಡೊಯ್ಯಬೇಕು ಎಂಬ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ; ಏಕೆಂದರೆ ಗಡಿ ಬಂದರೂ ದಾರಿ ತೆರೆದೇ ಇತ್ತು. ಮಂಜೇಶ್ವರದವರು ಬಸ್ಸು ಹತ್ತಿ ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಡಾಕ್ಟರನ್ನು ಕಂಡು ಸಂಜೆಗೆ ಮನೆಗೆ ಮರಳುತ್ತಿದ್ದರು.

ಈ ಅನುಕೂಲವೇ ಒಂದು ರೀತಿಯಲ್ಲಿ ಕಾಸರಗೋಡಿಗೆ ಮುಳುವಾಯಿತೆನ್ನಬೇಕು. ಕೇರಳವು ಆರೋಗ್ಯಸೇವೆಗೆ ಹೆಸರಾದ ರಾಜ್ಯ. ತಿರುವನಂತಪುರದಲ್ಲಿ ೧೯೫೧ರಲ್ಲೇ ವೈದ್ಯಕೀಯ ಕಾಲೇಜು ತೆರೆಯಿತು, ಕೋಝಿಕ್ಕೋಡಿನಲ್ಲಿ ೧೯೫೭ರಲ್ಲಿ. ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಗೆ ಹೃದಯ ಮತ್ತು ಮಿದುಳಿನ ಚಿಕಿತ್ಸೆಗಾಗಿ ದೇಶದ ನಾನಾ ಕಡೆಗಳಿಂದ ಜನ ಬರುತ್ತಾರೆ. ಆದರೆ ತಿರುವನಂತಪುರವಿರುವುದು ಕಾಸರಗೋಡಿನಿಂದ ಐನೂರು ಕಿಲೋಮೀಟರಿಗೂ ಮಿಕ್ಕಿದ ದೂರದಲ್ಲಿ. ಮಂಗಳೂರಾದರೋ ಐವತ್ತೇ ಕಿಲೋಮೀಟರು. 'ಹೇಗೂ ಮಂಗಳೂರು ಹತ್ತಿರವಿದೆಯಲ್ಲ' ಎಂಬ ಭಾವನೆ ಆಳುವವರಲ್ಲಿಯೂ ಜನರಲ್ಲಿಯೂ ಬೇರೂರಿತು. ೧೯೮೪ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಬದಿಯಡ್ಕದ ಬಳಿಯ ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ ಶಂಕುಸ್ಥಾಪನೆಯಾದದ್ದು ೨೦೧೩ರಲ್ಲಿ. ಮುಂದಿನ ಆರೇಳು ವರ್ಷಗಳಲ್ಲಿಯೂ ಅಲ್ಲಿ ಆಸ್ಪತ್ರೆಯ ಕಟ್ಟಡ ಪೂರ್ಣಗೊಂಡಿರಲಿಲ್ಲ.

ಒಂದು ಕೂಸಿನ ಪ್ರಯಾಣ

ಈ ಕೊರತೆಯ ಆಳ ಎಷ್ಟೆಂಬುದನ್ನು ಮಹಾಮಾರಿಗೆ ಒಂದು ವರ್ಷ ಮೊದಲೇ ಒಂದು ಘಟನೆ ತೋರಿಸಿಕೊಟ್ಟಿತ್ತು. ೨೦೧೯ರ ಏಪ್ರಿಲ್ ೧೬ರಂದು ಕಾಸರಗೋಡಿನ ದಂಪತಿಗಳ ಹದಿನೈದು ದಿನದ ಕೂಸನ್ನು, ಹೃದಯದ ಶಸ್ತ್ರಚಿಕಿತ್ಸೆಗೆಂದು ಮಂಗಳೂರಿನಿಂದ ತಿರುವನಂತಪುರಕ್ಕೆ ಆಂಬುಲೆನ್ಸಿನಲ್ಲಿ ಹೊರಡಿಸಿದರು. ದಾರಿಯುದ್ದಕ್ಕೂ ಜನರು ತಾವಾಗಿ ಬೀದಿಗಿಳಿದು ವಾಹನಗಳನ್ನು ಬದಿಗೆ ಸರಿಸಿದರು. ಅಷ್ಟು ದೂರ ಕೂಸು ತಾಳಲಾರದೆಂದು ಆಗಿನ ಆರೋಗ್ಯಮಂತ್ರಿ ಕೆ. ಕೆ. ಶೈಲಜಾ ಅವರು ನಡುವೆ ಪ್ರವೇಶಿಸಿ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ ಏರ್ಪಾಡು ಮಾಡಿಸಿದರು. ಸುಮಾರು ನಾನೂರು ಕಿಲೋಮೀಟರನ್ನು ಆ ವಾಹನ ಐದೂವರೆ ಗಂಟೆಗಳಲ್ಲಿ ಕ್ರಮಿಸಿತು.

ಎಲ್ಲರೂ ಚಾಲಕನನ್ನು ಕೊಂಡಾಡಿದರು, ಕೊಂಡಾಡಬೇಕಾದದ್ದೇ. ಆದರೆ ಒಂದು ಜಿಲ್ಲೆಯ ಕೂಸು ಬದುಕಲು ಒಂದು ರಾಜ್ಯದ ಉದ್ದಕ್ಕೂ ಓಡಬೇಕಾಯಿತಲ್ಲ ಎಂದು ಕೇಳಿದವರು ಕಡಿಮೆ.

ಮಣ್ಣಿನ ದಿಬ್ಬ

೨೦೨೦ರ ಜನವರಿ ೩೦ರಂದು ದೇಶದ ಮೊದಲ ಕೊರೋನಾ ರೋಗಿ ಕೇರಳದಲ್ಲಿ ಪತ್ತೆಯಾದರು. ಮೂರನೆಯವರು ಕಾಸರಗೋಡು ಜಿಲ್ಲೆಯವರು. ಮಾರ್ಚ್ ತಿಂಗಳಲ್ಲಿ ಕೊಲ್ಲಿ ನಾಡುಗಳಿಂದ ಮರಳಿದವರ ಮೂಲಕ ರೋಗ ಹಬ್ಬಿ, ತಿಂಗಳ ಕೊನೆಗೆ ಜಿಲ್ಲೆಯ ರೋಗಿಗಳ ಸಂಖ್ಯೆ ನೂರನ್ನು ದಾಟಿತು. ಕೇರಳದ ಒಟ್ಟು ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಈ ಒಂದೇ ಜಿಲ್ಲೆಯವರು. ಕರ್ನಾಟಕ ಸರಕಾರ ಬೆದರಿತು. ತಲಪಾಡಿಯ ಹೆದ್ದಾರಿಯನ್ನು ಮುಚ್ಚಿಸಿತು. ಒಳದಾರಿಗಳಿಗೆ ಅಡ್ಡಲಾಗಿ ಲಾರಿಗಳಲ್ಲಿ ಮಣ್ಣು ತಂದು ಸುರಿಸಿತು.

ಇತ್ತ ರೋಗಗಳೇನು ಕೊರೋನಾ ಬಂತೆಂದು ರಜೆ ಹಾಕಿದವೇ? ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್ ಆಗಬೇಕಾದವರಿದ್ದರು. ಕ್ಯಾನ್ಸರಿನ ಔಷಧ ಅರ್ಧಕ್ಕೆ ನಿಂತವರಿದ್ದರು. ದಿನ ತುಂಬಿದ ಗರ್ಭಿಣಿಯರಿದ್ದರು. ಇವರೆಲ್ಲರ ಚೀಟಿ, ರಿಪೋರ್ಟು, ಪರಿಚಯದ ವೈದ್ಯರು ಇದ್ದದ್ದು ಮಂಗಳೂರಿನಲ್ಲಿ. ತಲಪಾಡಿಯಿಂದ ಹತ್ತು ಹನ್ನೆರಡು ಕಿಲೋಮೀಟರು ಹೋದರೆ ದೇರಳಕಟ್ಟೆಯಲ್ಲೇ ದೊಡ್ಡ ಆಸ್ಪತ್ರೆಗಳಿವೆ. ಆದರೆ ಆಂಬುಲೆನ್ಸುಗಳನ್ನು ಗಡಿಯಲ್ಲೇ ಹಿಂದಕ್ಕೆ ಕಳುಹಿಸಲಾಯಿತು. ಬಿಹಾರದಿಂದ ದುಡಿಯಲು ಬಂದ ಕುಟುಂಬದ ಹೆಣ್ಣುಮಗಳೊಬ್ಬಳು ಹೀಗೆ ಹಿಂದಿರುಗುವಾಗ ಆಂಬುಲೆನ್ಸಿನಲ್ಲೇ ಹಡೆದಳು. ಕರ್ನಾಟಕದವರೇ ಆದ, ಗಡಿಯೀಚೆ ನೆಂಟರ ಮನೆಯಲ್ಲಿದ್ದ ವೃದ್ಧೆಯೊಬ್ಬರು ತಮ್ಮ ನಾಡಿನೊಳಗೆ ಹೋಗಲಾಗದೆ ಪ್ರಾಣಬಿಟ್ಟರು. ಏಪ್ರಿಲ್ ಮೊದಲ ವಾರ ಕಳೆಯುವುದರೊಳಗೆ ಸಕಾಲದಲ್ಲಿ ಚಿಕಿತ್ಸೆ ಸಿಗದೆ ಸತ್ತವರು ಹತ್ತು ಮಂದಿಯಷ್ಟೆಂದು ಪತ್ರಿಕೆಗಳು ಬರೆದವು.

ಹೊರನಾಡುಗಳಲ್ಲಿದ್ದ ಮಕ್ಕಳ ಪಾಡು ಇನ್ನೊಂದು ಬಗೆಯದು. ಊರಿನಲ್ಲಿ ತಾಯಿಗೆ ಎದೆನೋವೆಂದು ಫೋನು ಬಂದರೆ ಹೊರಡಲು ರೈಲಿಲ್ಲ, ವಿಮಾನವಿಲ್ಲ. ಮಂಗಳೂರಿನಲ್ಲಿದ್ದ ಅಕ್ಕನೋ ಭಾವನೋ ಆಸ್ಪತ್ರೆಯ ಬಾಗಿಲಲ್ಲಿ ಕಾದರೂ ರೋಗಿ ಅಲ್ಲಿಗೆ ತಲಪುವಂತಿರಲಿಲ್ಲ. ಹಣವಿತ್ತು, ಜನವಿದ್ದರು, ವೈದ್ಯರಿದ್ದರು, ದಾರಿಯೊಂದಿರಲಿಲ್ಲ.

ಕೊಚ್ಚಿಯ ತೀರ್ಪು

ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರು ಪ್ರಧಾನಿಗೆ ಪತ್ರ ಬರೆದರು. ಕರ್ನಾಟಕ ಮಣಿಯಲಿಲ್ಲ. ಆಗ ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟಿನ ವಕೀಲರ ಸಂಘವು ಅಲ್ಲಿಯೇ ದಾವೆ ಹೂಡಿತು. ನ್ಯಾಯಮೂರ್ತಿ ಎ. ಕೆ. ಜಯಶಂಕರನ್ ನಂಬಿಯಾರ್ ಮತ್ತು ನ್ಯಾಯಮೂರ್ತಿ ಶಾಜಿ ಪಿ. ಚಾಲಿ ಅವರ ಪೀಠ ವೀಡಿಯೋ ಮೂಲಕ ವಿಚಾರಣೆ ನಡೆಸಿತು.

ಕರ್ನಾಟಕದ ವಾದದಲ್ಲಿ ಹುರುಳಿರಲಿಲ್ಲವೆನ್ನಲಾಗದು. ಕಾಸರಗೋಡಿನಲ್ಲಿ ಸೋಂಕು ತೀವ್ರವಾಗಿದೆ, ನಮ್ಮ ಜನರನ್ನು ಕಾಪಾಡುವುದು ನಮ್ಮ ಹೊಣೆ, ಬೇರೆ ರಾಜ್ಯದ ಹೈಕೋರ್ಟು ನಮಗೆ ಆಜ್ಞೆ ಮಾಡಲು ಬಾರದು ಎಂದು ಅದು ಹೇಳಿತು. ನ್ಯಾಯಾಲಯ ಜಾಣ್ಮೆಯಿಂದ ನಡೆದುಕೊಂಡಿತು. ಏಪ್ರಿಲ್ ೧ರ ಮಧ್ಯಂತರ ಆಜ್ಞೆಯಲ್ಲಿ ತುರ್ತು ಚಿಕಿತ್ಸೆಗಾಗಿ ಬರುವವರನ್ನು ತಡೆಯುವುದು ಸಂವಿಧಾನ ಕೊಟ್ಟ ಜೀವಿಸುವ ಹಕ್ಕಿಗೂ ದೇಶದೊಳಗೆ ಸಂಚರಿಸುವ ಹಕ್ಕಿಗೂ ಚ್ಯುತಿಯೆಂದಿತು. ರಾಷ್ಟ್ರೀಯ ಹೆದ್ದಾರಿ ಕೇಂದ್ರದ ಸೊತ್ತು; ಆದ್ದರಿಂದ ತಡೆಗಳನ್ನು ತೆಗೆಸುವ ಕೆಲಸವನ್ನು ಕೇಂದ್ರ ಸರಕಾರಕ್ಕೇ ಒಪ್ಪಿಸಿತು.

ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ೩ರಂದು ಆ ನ್ಯಾಯಾಲಯ, ಎರಡೂ ರಾಜ್ಯಗಳ ಅಧಿಕಾರಿಗಳು ಕೇಂದ್ರದ ಸಮ್ಮುಖದಲ್ಲಿ ಕುಳಿತು ಒಂದು ದಾರಿ ಕಾಣಬೇಕೆಂದಿತು. ಏಪ್ರಿಲ್ ೭ರಂದು ಒಪ್ಪಂದವಾದುದನ್ನು ತಿಳಿಸಲಾಯಿತು. ವೈದ್ಯರ ಪ್ರಮಾಣಪತ್ರವಿದ್ದು, ಕೊರೋನಾ ಇಲ್ಲದ ತುರ್ತು ರೋಗಿಗಳ ಆಂಬುಲೆನ್ಸನ್ನು ತಲಪಾಡಿಯಲ್ಲಿ ಪರೀಕ್ಷಿಸಿ ಒಳಗೆ ಬಿಡುವುದೆಂದು ಗೊತ್ತಾಯಿತು. ಬಾಗಿಲು ತೆರೆಯಿತು, ಪೂರ್ತಿಯಾಗಿ ಅಲ್ಲ. ಉಸಿರು ಸಿಕ್ಕಿಕೊಂಡವರಿಗೆ ಕಾಗದ ಪತ್ರ ಹೊಂದಿಸುವುದೂ ಸುಲಭದ ಮಾತಲ್ಲ.

ಇಲ್ಲಿ ಹಳೆಯ ಒಂದು ಸಂಗತಿ ನೆನಪಾಗುತ್ತದೆ. ೧೮೯೬ರಲ್ಲಿ ಮುಂಬಯಿಗೆ ಪ್ಲೇಗು ಬಂದು, ಎರಡು ವರ್ಷಗಳಲ್ಲಿ ಬೆಂಗಳೂರನ್ನೂ ಹಿಡಿಯಿತು. ಆಗಲೂ ಜನ ನಡುಗಿದರು. ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆ ಹುಟ್ಟಿದ್ದೂ ಆಗಲೇ. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಪರೀಕ್ಷಿಸುತ್ತಿದ್ದರು. ಆ ತಪಾಸಣೆಯಲ್ಲಿ ಒರಟುತನವಿತ್ತು, ಅವಮಾನವಿತ್ತು. ಆದರೂ ಪರೀಕ್ಷಿಸಿ ಬಿಡುವುದಕ್ಕೂ ಮಣ್ಣು ಸುರಿದು ಮುಚ್ಚುವುದಕ್ಕೂ ಅಂತರವಿದೆ. ೨೦೨೦ರ ಏಪ್ರಿಲ್ ೭ರಂದು ಎರಡು ರಾಜ್ಯಗಳು ಒಪ್ಪಿಕೊಂಡದ್ದು ಈ ತಪಾಸಣೆಯನ್ನೇ. ಅದನ್ನು ಎರಡು ವಾರ ಮೊದಲೇ ಮಾಡಬಹುದಾಗಿತ್ತಲ್ಲವೆ?

ತಿರುವನಂತಪುರದಿಂದ ಬಂದವರು

ದಾವೆ ನಡೆಯುತ್ತಿರುವಾಗಲೇ ತಿರುವನಂತಪುರದಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯಿತು. ಅಲ್ಲಿಯ ವೈದ್ಯಕೀಯ ಕಾಲೇಜಿನ ಡಾಕ್ಟರರು, ನರ್ಸುಗಳು, ಸಹಾಯಕರು ಸೇರಿ ಸುಮಾರು ಇಪ್ಪತ್ತೈದು ಮಂದಿಯ ತಂಡ ಏಪ್ರಿಲ್ ೫ರಂದು ಕಾಸರಗೋಡಿಗೆ ಹೊರಟಿತು. ಉಕ್ಕಿನಡ್ಕದಲ್ಲಿ ಪಾಠಕ್ಕೆಂದು ಕಟ್ಟಿದ್ದ ಕಟ್ಟಡವನ್ನೇ ಕೆಲವೇ ದಿನಗಳಲ್ಲಿ ಆಸ್ಪತ್ರೆಯಾಗಿ ಮಾರ್ಪಡಿಸಿ, ಏಪ್ರಿಲ್ ೬ರಂದು ಸುಮಾರು ಇನ್ನೂರು ಹಾಸಿಗೆಗಳೊಡನೆ ತೆರೆದರು. ವರ್ಷಗಟ್ಟಲೆ ಆಗದ ಕೆಲಸ ದಿನಗಳಲ್ಲಿ ಆಯಿತು. ಮನಸ್ಸಿದ್ದರೆ ಮಾರ್ಗವೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ. ಅಷ್ಟು ವರ್ಷ ಮನಸ್ಸಿರಲಿಲ್ಲವೆಂಬುದಕ್ಕೂ ಬೇಕಿಲ್ಲ.

ಆ ಮೊದಲ ಸುತ್ತಿನಲ್ಲಿ ಸೋಂಕು ತಗಲಿದ ಜಿಲ್ಲೆಯ ೧೭೮ ಮಂದಿಯೂ ಮೇ ತಿಂಗಳ ೧೦ರ ವೇಳೆಗೆ ಗುಣಮುಖರಾದರು. ಒಬ್ಬರೂ ಕೊರೋನಾದಿಂದ ಸಾಯಲಿಲ್ಲ. ಸತ್ತವರು ಬೇರೆ ಕಾಯಿಲೆಯವರು, ದಾರಿ ಸಿಗದವರು. ಭಯಪಟ್ಟದ್ದು ಒಂದಕ್ಕೆ, ಬಲಿ ಹೋದದ್ದು ಇನ್ನೊಂದಕ್ಕೆ. ಇದೇ ಮೇ ೯ರಂದು ತಿರುವನಂತಪುರದಿಂದ ಕೊಚ್ಚಿಗೆ ಒಂದು ಹೃದಯವನ್ನು ಹೆಲಿಕಾಪ್ಟರಿನಲ್ಲಿ ಕೊಂಡೊಯ್ದು ಕಸಿ ಮಾಡಿ ಒಂದು ಜೀವ ಉಳಿಸಿದರು. ದಾನಿಯ ಮನೆಯವರ ಔದಾರ್ಯಕ್ಕೂ ವೈದ್ಯರ ಕೌಶಲಕ್ಕೂ ತಲೆಬಾಗುತ್ತೇವೆ. ಆದರೆ ಅದೇ ರಾಜ್ಯದ ಇನ್ನೊಂದು ತುದಿಯಲ್ಲಿ ತಿಂಗಳ ಹಿಂದಷ್ಟೇ ಹತ್ತು ಕಿಲೋಮೀಟರು ದಾಟಲಾಗದೆ ಹೃದಯಗಳು ನಿಂತುಹೋಗಿದ್ದವು.

ಮುಂದೆ ನಡೆದದ್ದು

೨೦೨೦ರ ಸೆಪ್ಟೆಂಬರಿನಲ್ಲಿ ಟಾಟಾ ಸಂಸ್ಥೆಯವರು ತೆಕ್ಕಿಲಿನಲ್ಲಿ ಐನೂರಕ್ಕೂ ಮಿಕ್ಕಿದ ಹಾಸಿಗೆಗಳ ಸಿದ್ಧಭಾಗಗಳ ಆಸ್ಪತ್ರೆಯೊಂದನ್ನು ಕಟ್ಟಿ ಒಪ್ಪಿಸಿದರು. ಅದು ತಾತ್ಕಾಲಿಕ ಕಟ್ಟಡ. ೨೦೨೧ರ ಫೆಬ್ರವರಿಯಲ್ಲಿಯೂ ಆಗಸ್ಟಿನಲ್ಲಿಯೂ ಕರ್ನಾಟಕ ಮತ್ತೆ ಪರೀಕ್ಷೆಯ ಸರ್ಟಿಫಿಕೇಟು ಕೇಳಿ ಗಡಿಯನ್ನು ಬಿಗಿಮಾಡಿತು. ಗೇರುತೋಟಗಳ ಎಂಡೋಸಲ್ಫಾನ್ ಸಿಂಪಡಣೆಯಿಂದ ನರಳಿದ ಎಣ್ಮಕಜೆ ಮೊದಲಾದ ಊರುಗಳ ಮಕ್ಕಳಿಗಂತೂ ತಜ್ಞವೈದ್ಯರು ದೂರದ ಮಾತಾಗಿಯೇ ಉಳಿದರು. ಕಾಸರಗೋಡಿಗೆ ಏಮ್ಸ್ ಬೇಕೆಂದು, ಈ ಮಕ್ಕಳಿಗೆ ಚಿಕಿತ್ಸೆಯ ಏರ್ಪಾಡು ಬೇಕೆಂದು ೨೦೨೨ರ ಅಕ್ಟೋಬರಿನಲ್ಲಿ ವೃದ್ಧೆ ದಯಾಬಾಯಿಯವರು ತಿರುವನಂತಪುರದ ಸೆಕ್ರೆಟೇರಿಯಟ್ಟಿನ ಮುಂದೆ ಎರಡು ವಾರಕ್ಕೂ ಹೆಚ್ಚು ಕಾಲ ಉಪವಾಸ ಕುಳಿತರು. ಉಕ್ಕಿನಡ್ಕದ ಕಾಲೇಜಿನಲ್ಲಿ ಐವತ್ತು ವಿದ್ಯಾರ್ಥಿಗಳ ಮೊದಲ ತಂಡಕ್ಕೆ ಅನುಮತಿ ದೊರೆತದ್ದು ೨೦೨೫ರಲ್ಲಿ. ಶಂಕುಸ್ಥಾಪನೆಯಾಗಿ ಹನ್ನೆರಡು ವರ್ಷಗಳ ಮೇಲೆ.

ನಾವು ಅರಿಯಬೇಕಾದದ್ದು

ಕಾಸರಗೋಡು ಕನ್ನಡನಾಡಿನದೆಂದು ನಮ್ಮ ಸಭೆಗಳಲ್ಲಿ ಹಲವು ಸಲ ಠರಾವು ಮಾಡಿದ್ದೇವೆ. ಆ ಮಾತಿಗೆ ಬೆಲೆ ಬರಬೇಕಾದರೆ ಕಾಸರಗೋಡಿನ ರೋಗಿಯೂ ನಮ್ಮವನೆಂದು ಹೇಳುವ ಧೈರ್ಯ ಬೇಕು. ಅವನು ಕನ್ನಡಿಗನೋ ತುಳುವನೋ ಬ್ಯಾರಿಯೋ ಮಲಯಾಳಿಯೋ ಎಂದು ಕೇಳುವ ಹೊತ್ತು ಅದಲ್ಲ. ನೆಲವನ್ನು ಕೇಳುವವರು ನೆಲದ ಮೇಲಿನ ಜನರನ್ನೂ ಕೇಳಬೇಕು. ಹಾಗೆಯೇ ತಿರುವನಂತಪುರವೂ ತನ್ನ ಉತ್ತರದ ಅಂಚನ್ನು ಮಂಗಳೂರಿನ ಕೃಪೆಗೆ ಬಿಟ್ಟು ಆರು ದಶಕ ಸುಮ್ಮನಿದ್ದುದಕ್ಕೆ ಉತ್ತರ ಕೊಡಬೇಕು.

ಪರಸ್ಥಳದಲ್ಲಿ ನೆಲಸಿದ ನಮಗೆ ಇದರಲ್ಲಿ ನೇರವಾದ ಕೆಲಸವೂ ಉಂಟು. ಊರಿನಲ್ಲಿರುವ ಹಿರಿಯರ ರಕ್ತದ ಗುಂಪು, ನುಂಗುವ ಮಾತ್ರೆಗಳ ಹೆಸರು, ಹಳೆಯ ರಿಪೋರ್ಟುಗಳ ನಕಲು, ಹತ್ತಿರದ ಆಸ್ಪತ್ರೆಯ ಫೋನು, ಗಡಿಯ ಎರಡೂ ಬದಿಗಳಲ್ಲಿ ನೆರವಾಗಬಲ್ಲ ಒಬ್ಬೊಬ್ಬರ ಹೆಸರು, ಇಷ್ಟನ್ನು ಪ್ರತಿ ಮನೆಯಲ್ಲೂ ಬರೆದಿಟ್ಟುಕೊಳ್ಳಬೇಕು. ಸಂಘಗಳು ತಮ್ಮ ಸದಸ್ಯರಲ್ಲಿರುವ ವೈದ್ಯರ, ವಕೀಲರ ಪಟ್ಟಿಯೊಂದನ್ನು ಸಿದ್ಧವಾಗಿಟ್ಟುಕೊಂಡರೆ ರಾಜ್ಯೋತ್ಸವದ ಹಾರ ತುರಾಯಿಗಳಿಗಿಂತ ಅದು ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆ. ಮತ್ತೊಂದು ಮಹಾಮಾರಿ ಎಂದು ಬರುವುದೋ ಹೇಳಬಲ್ಲವರಿಲ್ಲ. ತಲಪಾಡಿಯಲ್ಲಿ ಸುರಿದ ಮಣ್ಣು ಎಂದೋ ಹೋಯಿತು. ಅದು ಮತ್ತೆ ಬೀಳದಂತೆ ನೋಡಿಕೊಳ್ಳುವ ಹೊಣೆ ಗಡಿಯ ಎರಡು ಕಡೆಯವರದೂ ಹೌದು, ದೂರದಲ್ಲಿರುವ ನಮ್ಮದೂ ಹೌದು.