ಏಳರ ಬಸ್ಸು ಯಾರ ಲೆಕ್ಕಕ್ಕೆ? ಹುಬ್ಬಳ್ಳಿ-ಧಾರವಾಡದ ಸರಕಾರಿ ಬಸ್ಸಿನ ಕಥೆ

ಹೋದ ತಿಂಗಳು ನಮ್ಮೂರ ಅಗಸಿ ಕಟ್ಟೆ ಮೇಲೆ ಒಂದು ವಾದ ನಡೆಯಿತು. ಸಂಜೆ ಏಳರ ಬಸ್ಸು ಆಗಷ್ಟೇ ಬಂದು ನಿಂತಿತ್ತು. ಇಳಿದವರು ಒಂಬತ್ತು ಜನ. ಅವರಲ್ಲಿ ಐದು ಜನ ಕಾಲೇಜು ಹುಡುಗಿಯರು.

"ಒಂಬತ್ತು ಮಂದಿ ಸಂಬಂಧ ಇಷ್ಟ ದೊಡ್ಡ ಗಾಡಿ ತರಬೇಕೇನ್ರೀ? ಡೀಸೆಲ್ ಖರ್ಚರ ಹುಟ್ಟತೈತೇನು?" ಎಂದು ಕಿರಾಣಿ ಅಂಗಡಿಯವರು ಕೇಳಿದರು. ಪಕ್ಕದಲ್ಲಿ ಕೂತಿದ್ದ ಅಜ್ಜಾರು ಬಿಡಲಿಲ್ಲ. "ಹುಟ್ಟಲಿಲ್ಲಂದ್ರ ಏನಾತೋ ತಮ್ಮಾ? ಅದು ಎಸ್ಟಿ. ರೊಕ್ಕಾ ಗಳಸಾಕ ಬಂದದ್ದಲ್ಲ ಅದು" ಎಂದರು.

ನಾನು ಸುದ್ದಿ ಕಳಿಸುವ ಗಡಿಬಿಡಿಯಲ್ಲಿದ್ದೆ, ಎದ್ದು ಬಂದೆ. ಆದರೆ ಅಜ್ಜಾರ ಬಾಯಲ್ಲಿ ಬಂದ ‘ಎಸ್ಟಿ’ ಎಂಬ ಮಾತು ತಲೆಯಲ್ಲೇ ಉಳಿಯಿತು. ನಮ್ಮ ಬಸ್ಸಿನ ಮೇಲೆ ಎಲ್ಲಿಯೂ ಎಸ್ಟಿ ಎಂದು ಬರೆದಿಲ್ಲ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಎಂದಿದೆ. ಹಾಗಾದರೆ ಎಸ್ಟಿ ಎಲ್ಲಿಂದ ಬಂತು?

ಅದು ಮುಂಬಯಿಯಿಂದ ಬಂತು. ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಅಲ್ಲಿನ ಸರಕಾರಿ ಬಸ್ಸಿಗೆ ಸ್ಟೇಟ್ ಟ್ರಾನ್ಸ್‌ಪೋರ್ಟ್ ಎಂದು ಹೆಸರು, ಜನರ ಬಾಯಲ್ಲಿ ಎಸ್ಟಿ. ಆ ರಾಜ್ಯದ ಮೊದಲ ಸರಕಾರಿ ಬಸ್ಸು 1948ರ ಜೂನ್ 1ರಂದು ಪುಣೆಯಿಂದ ಅಹಮದ್‌ನಗರಕ್ಕೆ ಓಡಿತು. ಅದೇ ವರ್ಷ ಸೆಪ್ಟೆಂಬರ್ 12ರಂದು ಹಳೇ ಮೈಸೂರು ಸಂಸ್ಥಾನದಲ್ಲಿಯೂ ಸರಕಾರವೇ 120 ಬಸ್ಸು ಇಟ್ಟುಕೊಂಡು ಸಾರಿಗೆ ಇಲಾಖೆ ಶುರು ಮಾಡಿತು. ಇವೆರಡಕ್ಕಿಂತ ಮುಂಚೆಯೇ, 1932ರಲ್ಲಿ, ಹೈದರಾಬಾದಿನ ನಿಜಾಮರ ರೈಲ್ವೆ ಇಲಾಖೆ 27 ಬಸ್ಸು ರಸ್ತೆಗಿಳಿಸಿತ್ತು. ಹೌದು, ರೈಲ್ವೆಯವರೇ ಬಸ್ಸು ಓಡಿಸಿದ್ದು.

1956ರ ನವೆಂಬರ್ 1ರಂದು ರಾಜ್ಯ ಒಂದಾದಾಗ ಈ ಮೂರೂ ಮನೆಯ ಬಸ್ಸುಗಳು ಒಂದೇ ಅಂಗಳಕ್ಕೆ ಬಂದವು. ನಾವು ಶಾಲೆಯಲ್ಲಿ ಏಕೀಕರಣ ಎಂದರೆ ನಕಾಶೆ, ಭಾಷೆ, ನಾಡಗೀತೆ ಎಂದು ಓದಿದೆವು. ಬಸ್ಸು, ಡ್ರೈವರು, ಮೆಕ್ಯಾನಿಕ್ಕು ಕೂಡ ಏಕೀಕರಣ ಆದರು ಎನ್ನುವುದನ್ನು ಯಾರೂ ಹೇಳಿಕೊಡಲಿಲ್ಲ. ಮುಂಬಯಿ ಪದ್ಧತಿಯಲ್ಲಿ ಕೆಲಸ ಕಲಿತವರು, ಮೈಸೂರು ಪದ್ಧತಿಯವರು, ಉರ್ದುವಿನಲ್ಲಿ ಕಡತ ನೋಡಿದವರು ಎಲ್ಲರೂ ಒಂದೇ ರಾಜ್ಯದ ನೌಕರರಾದರು. 1961ರ ಆಗಸ್ಟ್ 1ರಂದು ಇಲಾಖೆ ಹೋಗಿ ನಿಗಮ ಬಂತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮೇಲೆ ನಿಗಮದ ಹೆಸರೂ ಬದಲಾಯಿತು. ಎಸ್ಟಿ ಎಂಬ ಮಾತು ಮಾತ್ರ ಅಜ್ಜಾರ ಬಾಯಲ್ಲಿ ಹಾಗೇ ಉಳಿಯಿತು.

ಸರಕಾರ ಯಾಕೆ ಬಸ್ಸು ಓಡಿಸಲು ಹೋಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಕಟ್ಟೆ ಮೇಲಿನ ವಾದದ ಬೇರು ಅಲ್ಲಿದೆ. ಅದಕ್ಕೂ ಮೊದಲು ಇದ್ದದ್ದು ಖಾಸಗಿ ಮಾಲೀಕರ ಸರ್ವಿಸ್ ಗಾಡಿಗಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದು, ಹಿಂದೆ ಇದ್ದಿಲಿನ ಒಲೆ ಕಟ್ಟಿಕೊಂಡು ಗ್ಯಾಸಿನ ಮೇಲೆ ಬಸ್ಸು ಓಡಿಸಿದ ಕಾಲವದು. ಸೀಟು ತುಂಬಿದರೆ ಹೊರಡುವುದು, ತುಂಬದಿದ್ದರೆ ನಿಲ್ಲುವುದು. ಲಾಭ ಇರುವ ದಾರಿಗೆ ಹತ್ತು ಗಾಡಿ, ಇಲ್ಲದ ದಾರಿಗೆ ಒಂದೂ ಇಲ್ಲ. ಸ್ವಂತ ಹಣ ಹಾಕಿದವರು ಹಾಗೆ ಮಾಡುವುದು ತಪ್ಪೇನಲ್ಲ. ಆದರೆ ಜಾತ್ರೆ, ಸಂತೆ ಇಲ್ಲದ ದಿನ ಹಳ್ಳಿಯ ಬಾಣಂತಿ ದವಾಖಾನೆಗೆ ಹೋಗಬೇಕಾದರೆ?

1950ರಲ್ಲಿ ಸಂಸತ್ತು ರಸ್ತೆ ಸಾರಿಗೆ ನಿಗಮಗಳ ಕಾಯ್ದೆ ಮಾಡಿತು. ಇವತ್ತಿಗೂ ನಮ್ಮ ಬಸ್ಸು ಓಡುವುದು ಈ ಕಾಯ್ದೆಯ ಮೇಲೆಯೇ. ಅದರಲ್ಲಿ ಎರಡು ಕಲಮುಗಳಿವೆ. 18ನೇ ಕಲಮು, ಜನರಿಗೆ ಸಮರ್ಪಕವಾದ, ಸಾಕಷ್ಟು, ಮಿತವ್ಯಯದ ಬಸ್ ಸೌಲಭ್ಯ ಕೊಡುವುದು ನಿಗಮದ ಕರ್ತವ್ಯ ಎನ್ನುತ್ತದೆ. 22ನೇ ಕಲಮು, ನಿಗಮ ವ್ಯಾಪಾರದ ತತ್ವದ ಮೇಲೆ ನಡೆಯಬೇಕು ಎನ್ನುತ್ತದೆ. ಅಂದರೆ ಅಜ್ಜಾರ ಮಾತೂ ಕಾಯ್ದೆಯಲ್ಲಿದೆ, ಅಂಗಡಿಯವರ ಮಾತೂ ಕಾಯ್ದೆಯಲ್ಲಿದೆ. ಎಪ್ಪತ್ತೈದು ವರ್ಷದಿಂದ ಡಿಪೋ ಮ್ಯಾನೇಜರುಗಳು ಈ ಎರಡು ಕಲಮುಗಳ ನಡುವೆ ಬಸ್ಸು ಓಡಿಸುತ್ತಿದ್ದಾರೆ.

ಎರಡನ್ನೂ ಸಂಭಾಳಿಸಲು ಕಂಡುಕೊಂಡ ದಾರಿ ಸರಳವಾದದ್ದು. ಒಳ್ಳೇ ದಾರಿಯ ಗಳಿಕೆಯಲ್ಲಿ ಬಡ ದಾರಿಯ ಬಸ್ಸನ್ನು ಸಾಕುವುದು. ಹುಬ್ಬಳ್ಳಿ-ಧಾರವಾಡಕ್ಕೆ ಇಂಥ ಒಳ್ಳೇ ದಾರಿ ಹುಟ್ಟಿನಿಂದಲೇ ಇತ್ತು. ಎರಡು ಊರುಗಳ ನಡುವೆ ಅಂತರ ಸುಮಾರು 20 ಕಿಲೋಮೀಟರ್. ಹುಬ್ಬಳ್ಳಿಯಲ್ಲಿ ವ್ಯಾಪಾರ, ರೈಲ್ವೆ ವರ್ಕ್‌ಶಾಪು, ಅಮರಗೋಳದ ಎಪಿಎಂಸಿ, ಕಿಮ್ಸ್ ದವಾಖಾನೆ. ಧಾರವಾಡದಲ್ಲಿ ಜಿಲ್ಲಾ ಕಚೇರಿ, ಕರ್ನಾಟಕ ಕಾಲೇಜು, ವಿಶ್ವವಿದ್ಯಾಲಯ, 2008ರಿಂದ ಹೈಕೋರ್ಟ್ ಪೀಠ. ಬೇರೆ ನಗರಗಳಲ್ಲಿ ಮುಂಜಾನೆ ಒಂದು ದಿಕ್ಕಿಗೆ ಬಸ್ಸು ತುಂಬಿದರೆ ಎದುರಿನದು ಖಾಲಿ ಬರುತ್ತದೆ. ಇಲ್ಲಿ ಮುಂಜಾನೆ ಎಂಟಕ್ಕೆ ಎರಡೂ ಕಡೆಯಿಂದ ಬಾಗಿಲವರೆಗೆ ಜನ. 1962ರಲ್ಲಿ ಎರಡೂ ಊರು ಸೇರಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದರು. ಉಣಕಲ್, ಭೈರಿದೇವರಕೊಪ್ಪ, ರಾಯಾಪುರ, ಸತ್ತೂರು, ನವಲೂರು ಎಂಬ ಹಳ್ಳಿಗಳು ನೋಡನೋಡುತ್ತ ನಗರದ ಸ್ಟಾಪುಗಳಾದವು.

ಈಗ ನಮ್ಮ ಏಳರ ಬಸ್ಸಿಗೆ ಬರೋಣ. ಡಿಪೋದಲ್ಲಿ ಪ್ರತಿ ಬಸ್ಸಿಗೂ ದಿನದ ಒಂದು ಶೆಡ್ಯೂಲ್ ಇರುತ್ತದೆ. ಮುಂಜಾನೆ ಹಳ್ಳಿಯಿಂದ ಹೊರಡುವ ಬಸ್ಸು ಸಿಬಿಟಿ ಸೇರುತ್ತದೆ, ಆಮೇಲೆ ನಗರದಲ್ಲಿ ನಾಲ್ಕಾರು ಟ್ರಿಪ್ ಹೊಡೆಯುತ್ತದೆ, ಸಂಜೆ ಮತ್ತೆ ಹಳ್ಳಿಗೆ. ದೂರದ ಊರಾದರೆ ರಾತ್ರಿ ಅಲ್ಲೇ ವಸ್ತಿ. ಡ್ರೈವರು, ಕಂಡಕ್ಟರು ಗುಡಿಯಲ್ಲೋ ಪಂಚಾಯ್ತಿ ಪಡಸಾಲೆಯಲ್ಲೋ ಮಲಗುತ್ತಾರೆ, ಯಾರದೋ ಮನೆಯಿಂದ ರೊಟ್ಟಿ ಬರುತ್ತದೆ. ಕಂಡಕ್ಟರುಗಳು ‘ಇಪಿಕೆಎಂ’ ಎನ್ನುವುದನ್ನು ಕೇಳಿರಬಹುದು. ಒಂದು ಕಿಲೋಮೀಟರಿಗೆ ಎಷ್ಟು ದುಡಿಯಿತು ಎಂಬ ಲೆಕ್ಕವದು. ಸಂಜೆ ಏಳರ ಟ್ರಿಪ್ಪನ್ನು ಮಾತ್ರ ಹಿಡಿದು ಈ ಲೆಕ್ಕ ಹಾಕಿದರೆ ಅದು ನಷ್ಟ. ಆದರೆ ಸಂಜೆ ಊರಿಗೆ ಬಸ್ಸು ಇಲ್ಲ ಎಂದಾದರೆ ಮುಂಜಾನೆ ಬಸ್ಸು ಹತ್ತುವವರು ಯಾರು? ಮಗಳನ್ನು ಕಾಲೇಜಿಗೆ ಕಳಿಸುವ ಅಪ್ಪ ಮೊದಲು ಕೇಳುವುದು ಹೋಗುವ ಬಸ್ಸನ್ನಲ್ಲ, ತಿರುಗಿ ಬರುವ ಬಸ್ಸನ್ನು. ಟ್ರಿಪ್ಪಿನ ಲೆಕ್ಕಕ್ಕೂ ಇಡೀ ದಿನದ ಲೆಕ್ಕಕ್ಕೂ ಇರುವ ಈ ವ್ಯತ್ಯಾಸ ಕಾಗದದ ಮೇಲೆ ಸುಲಭಕ್ಕೆ ಕಾಣುವುದಿಲ್ಲ.

ಒಳ್ಳೇ ದಾರಿಯ ಮೇಲೆ ಎಲ್ಲರಿಗೂ ಕಣ್ಣು ಇದ್ದದ್ದೇ. 1970ರ ದಶಕದಲ್ಲಿ ಕಾಂಟ್ರ್ಯಾಕ್ಟ್ ಪರ್ಮಿಟ್ ಪಡೆದ ಖಾಸಗಿ ಬಸ್ಸುಗಳು ರೂಟ್ ಬಸ್ಸಿನ ಹಾಗೆ ಓಡಲು ಶುರು ಮಾಡಿದ್ದವು. 1976ರಲ್ಲಿ ರಾಜ್ಯ ಕಾನೂನು ಮಾಡಿ ಅವುಗಳನ್ನು ವಶಕ್ಕೆ ತೆಗೆದುಕೊಂಡಿತು. ಮಾಲೀಕರು ಕೋರ್ಟಿಗೆ ಹೋದರು. 1977ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಕಾನೂನನ್ನು ಎತ್ತಿಹಿಡಿಯಿತು. ನಮ್ಮ ಅವಳಿ ನಗರದಲ್ಲಿಯೂ ಆ ಕಣ್ಣು ತಪ್ಪಲಿಲ್ಲ. ಎರಡೂ ಊರಿನ ನಡುವೆ ವರಕವಿಯ ಹೆಸರಿನ ಬೇಂದ್ರೆ ನಗರ ಸಾರಿಗೆಯ ಖಾಸಗಿ ಬಸ್ಸುಗಳು ವರ್ಷಗಟ್ಟಲೆ ಓಡಿದವು. ಕೈ ತೋರಿಸಿದಲ್ಲಿ ನಿಲ್ಲುತ್ತಿದ್ದವು ಎಂದು ಅವುಗಳ ಮೇಲೆ ಪ್ರೀತಿ ಇದ್ದವರು ಬಹಳ. ಡಿಪ್ಲೊಮಾ ಓದುವಾಗ ಪಾಸ್ ಮರೆತ ದಿನ ನಾನೂ ಹತ್ತಿದ್ದೇನೆ. ಆದರೆ ಅವು ಓಡಿದ್ದು ತುಪ್ಪದ ದಾರಿಯಲ್ಲಿ.

1997ರ ನವೆಂಬರ್ 1ರಂದು ನಿಗಮವನ್ನು ಒಡೆದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಸಂಸ್ಥೆ ಮಾಡಿದರು. ಆಡಳಿತ ಹತ್ತಿರ ಬಂತು, ಅದು ಒಳ್ಳೆಯದೇ. ಮೊದಲು ಬೆಂಗಳೂರಿಗೆ ಹೋಗುತ್ತಿದ್ದ ಕಡತ ಗೋಕುಲ ರಸ್ತೆಗೆ ಬಂತು. ಆದರೆ ನನ್ನ ಅಭಿಪ್ರಾಯ ಹೇಳುವುದಾದರೆ, ಮನೆ ಪಾಲಾದಾಗ ಎರೆಭೂಮಿ ಒಬ್ಬರಿಗೆ ಮಡ್ಡಿ ಇನ್ನೊಬ್ಬರಿಗೆ ಹೋದ ಹಾಗೆ ಆಯಿತು. ಮಲೆನಾಡಿನ ಘಟ್ಟದ ರಸ್ತೆ, ಬಯಲುಸೀಮೆಯ ಚದುರಿದ ಹಳ್ಳಿಗಳು ನಮ್ಮ ಪಾಲಿಗೆ ಬಂದವು. ರಾಜಧಾನಿಯ ನಗರ ಸಾರಿಗೆ ಅದಕ್ಕೂ ಮೊದಲೇ, ಅದೇ ವರ್ಷದ ಆಗಸ್ಟಿನಲ್ಲಿ, ಬೇರೆ ಮನೆ ಮಾಡಿತ್ತು.

ಇನ್ನು ಚಿಗರಿ. ನಮ್ಮ ಕಡೆ ಚಿಗರಿ ಎಂದರೆ ಗೊತ್ತಲ್ಲ, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಓಡಾಡುವ ಆ ಪ್ರಾಣಿಯೇ. ವಿಶ್ವಬ್ಯಾಂಕಿನ ನೆರವಿನಿಂದ ಎರಡು ಊರಿನ ನಡುವೆ ರಸ್ತೆ ಅಗಲ ಮಾಡಿ, ನಡುವೆ ಬಸ್ಸಿಗೇ ಬೇರೆ ದಾರಿ ಮೀಸಲಿಟ್ಟು, ಸುಮಾರು 22 ಕಿಲೋಮೀಟರ್ ಬಿಆರ್‌ಟಿಎಸ್ ಕಟ್ಟಿದರು. ಕೆಲಸ ವರ್ಷಗಟ್ಟಲೆ ಎಳೆಯಿತು, ರಸ್ತೆ ಬದಿಯ ನೂರಾರು ಮರಗಳು ಹೋದವು. 2018ರ ಅಕ್ಟೋಬರ್ 2ರಂದು ಪ್ರಾಯೋಗಿಕ ಓಡಾಟ ಶುರುವಾಯಿತು. 2020ರ ಫೆಬ್ರುವರಿ 2ರಂದು ಅಂದಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಉದ್ಘಾಟಿಸಿದರು. ಎರಡು ತಿಂಗಳು ತುಂಬುವ ಮೊದಲೇ ಲಾಕ್‌ಡೌನ್ ಬಂದು ಎಲ್ಲ ನಿಂತಿತು.

ಚಿಗರಿ ಚಲೋ ಬಸ್ಸು. ಟಿಕೆಟ್ ಮೊದಲೇ ತೆಗೆಸಿಕೊಂಡು, ಬಸ್ಸಿನ ಮಟ್ಟಕ್ಕೇ ಇರುವ ಪ್ಲಾಟ್‌ಫಾರ್ಮಿನಿಂದ ಹತ್ತುವುದರಿಂದ ಮುದುಕರಿಗೆ, ಬಸುರಿಯರಿಗೆ ಮೆಟ್ಟಿಲು ಹತ್ತುವ ಕಷ್ಟ ಇಲ್ಲ. ಎಸಿ ಬೇರೆ. ಆದರೆ ಅದು ನಡುವಿನ ದಾರಿಯ ಬಸ್ಸು. ನವಲೂರಿನ ಪೇರಲ ಬುಟ್ಟಿ, ಸೊಪ್ಪಿನ ಗಂಟು ಇಟ್ಟುಕೊಂಡು ಬರುವ ಅವ್ವಂದಿರನ್ನು ನಾನು ಇವತ್ತಿಗೂ ಹೆಚ್ಚಾಗಿ ನೋಡುವುದು ಸಾದಾ ಬಸ್ಸಿನಲ್ಲಿಯೇ. ಒಳ್ಳೇ ದಾರಿಗೆ ದುಬಾರಿ ಬಸ್ಸು ಬಂದ ಮೇಲೆ, ಆ ದಾರಿಯ ಗಳಿಕೆಯಲ್ಲಿ ಹಳ್ಳಿ ಟ್ರಿಪ್ಪನ್ನು ಸಾಕುವ ಹಳೇ ಲೆಕ್ಕ ಮೊದಲಿನಷ್ಟು ಸಲೀಸಾಗಿ ಉಳಿಯಲಿಕ್ಕಿಲ್ಲ ಎಂಬುದು ನನ್ನ ಅನುಮಾನ.

2021ರ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ವೇತನ ಆಯೋಗದ ಸಂಬಳ ಕೇಳಿ ಮುಷ್ಕರ ಮಾಡಿದ್ದು ನೆನಪಿರಬೇಕು. ಸರಕಾರ ಖಾಸಗಿ ಬಸ್ಸುಗಳನ್ನು ಬಸ್ ನಿಲ್ದಾಣದೊಳಗೇ ಬಿಟ್ಟಿತು. ದೊಡ್ಡ ಊರುಗಳ ನಡುವೆ ಗಾಡಿಗಳು ಸಿಕ್ಕವು. ನಮ್ಮ ಊರಿಗೆ ಒಂದೂ ಬರಲಿಲ್ಲ. ಟಂಟಂನಲ್ಲಿ ಹದಿನಾಲ್ಕು ಜನರ ನಡುವೆ ಸಿಕ್ಕಿಕೊಂಡು ಹೋದ ಆ ದಿನಗಳಲ್ಲಿ ಮನಸ್ಸಿಗೆ ಬಂದದ್ದು, 1948ಕ್ಕೆ ಮೊದಲು ಹೀಗೇ ಇತ್ತೇನೋ ಎಂದು.

ಆಮೇಲೆ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್. ಎಸಿ ಬಸ್ಸುಗಳು ಇದರ ಹೊರಗೆ. ಬಿಟ್ಟಿ ಎಂದು ಹಂಗಿಸುವವರು ಒಂದು ವಿಷಯ ಗಮನಿಸಬೇಕು. ಆ ಶೂನ್ಯ ಟಿಕೆಟ್ಟಿನ ಹಣವನ್ನು ಸಂಸ್ಥೆಗೆ ಸರಕಾರ ತುಂಬಿಕೊಡಬೇಕು, ಅಂದರೆ ಅದು ನಮ್ಮೆಲ್ಲರ ತೆರಿಗೆ. ಈ ಹಣ ಹೊತ್ತಿಗೆ ಸರಿಯಾಗಿ ಬಂದರೆ ಹಳ್ಳಿಯ ಟ್ರಿಪ್ಪು ಮೊದಲ ಬಾರಿಗೆ ಗಳಿಸುವ ಟ್ರಿಪ್ಪಾಗಬಹುದು, ಯಾಕೆಂದರೆ ನಮ್ಮಲ್ಲಿ ಹತ್ತುವವರಲ್ಲಿ ಹೆಂಗಸರೇ ಹೆಚ್ಚು. ಹಣ ತಡವಾದರೆ ಟಯರು, ಬಿಡಿಭಾಗ, ಹೊಸ ಬಸ್ಸು ಎಲ್ಲ ತಡ. ನಡುದಾರಿಯಲ್ಲಿ ನಿಲ್ಲುವ ಬಸ್ಸಿನಿಂದ ಇಳಿದು ನಡೆಯುವವರೂ ಅದೇ ಹೆಂಗಸರು.

ಇಷ್ಟೆಲ್ಲ ಓದಿಕೊಂಡು ಮೊನ್ನೆ ಕಿರಾಣಿ ಅಂಗಡಿಗೆ ಹೋಗಿ ಎರಡು ಕಲಮುಗಳ ವಿಷಯ ಹೇಳಿದೆ. ಅವರು ಸಕ್ಕರೆ ತೂಗುತ್ತ ಪೂರ್ತಿ ಕೇಳಿಸಿಕೊಂಡರು. "ಹಂಗಾರ ಅಜ್ಜಾಂದೂ ಖರೆ, ನಂದೂ ಖರೆ ಅನ್ರಿ" ಎಂದರು. ಆಮೇಲೆ ಸ್ವಲ್ಪ ಸುಮ್ಮನಿದ್ದು, "ನಮ್ಮ ಹುಡುಗಿನೂ ಬರೋ ವರ್ಷ ಪಿಯುಸಿಗೆ ಧಾರವಾಡಕ್ಕ ಹೊಂಟಾಳ್ರಿ. ಏಳರ ಗಾಡಿ ಇರತೈತಿ ಹೌದಲ್ರಿ?" ಎಂದು ಕೇಳಿದರು.