ಸಣ್ಣ ಫ್ಲ್ಯಾಶ್ ಛಾಯಾಗ್ರಹಣ

ಸಣ್ಣ ಫ್ಲ್ಯಾಶ್ ಛಾಯಾಗ್ರಹಣ: ಹೆಗಲಚೀಲದಲ್ಲಿ ಹಿಡಿಸುವ, ಬ್ಯಾಟರಿಯಿಂದ ನಡೆಯುವ ಫ್ಲ್ಯಾಶನ್ನು ಕ್ಯಾಮೆರಾದಿಂದ ಬಿಡಿಸಿ ಸ್ಟ್ಯಾಂಡಿನ ಮೇಲೋ ಸಹಾಯಕರ ಕೈಯಲ್ಲೋ ಇಟ್ಟು, ಬೇಕಾದ ದಿಕ್ಕಿನಿಂದ ಬೆಳಕು ಹಾಯಿಸಿ ಹೊರಾಂಗಣದಲ್ಲಿ ಚಿತ್ರ ತೆಗೆಯುವ ಕ್ರಮ. ಸ್ಟುಡಿಯೊದ ದೊಡ್ಡ ದೀಪಗಳಿಗೆ ಸಾಮಾನ್ಯವಾಗಿ ವಿದ್ಯುತ್ ಸಂಪರ್ಕ ಬೇಕು. ಸಣ್ಣ ಫ್ಲ್ಯಾಶಿಗೆ ಬೇಕಿಲ್ಲ. ಹಾಗಾಗಿ ಗುಡ್ಡದ ನೆತ್ತಿ, ಮೇಲ್ಸೇತುವೆಯ ಬುಡ, ನದಿಯ ದಂಡೆ ಎಲ್ಲವೂ ಛಾಯಾಗ್ರಾಹಕರ ಸ್ಟುಡಿಯೊ ಆಗಬಲ್ಲವು. ಪುಣೆಯ ಪಶ್ಚಿಮ ಭಾಗದ ಬಡಾವಣೆ ಕೋಥರೂಡದಲ್ಲಿ ಇಂಥ ಜಾಗಗಳು ಒಂದರ ಪಕ್ಕ ಒಂದು ಸಿಗುವುದರಿಂದ ಈ ಕ್ರಮವನ್ನು ವಿವರಿಸಲು ಅದು ಒಳ್ಳೆಯ ನಿದರ್ಶನ.

ಇತಿಹಾಸ

1887ರಲ್ಲಿ ಜರ್ಮನಿಯ ಅಡಾಲ್ಫ್ ಮೀಟೆ ಮತ್ತು ಯೊಹಾನಸ್ ಗೇಡಿಕೆ ಮೆಗ್ನೀಸಿಯಂ ಬೆರೆಸಿದ ಫ್ಲ್ಯಾಶ್ ಪುಡಿಯನ್ನು ತಯಾರಿಸಿದರು. ಬೆಳಕಿನ ಜೊತೆಗೆ ಹೊಗೆಯನ್ನೂ ಅಪಾಯವನ್ನೂ ತಂದ ಆ ಪುಡಿಯ ಜಾಗಕ್ಕೆ 1929-30ರಲ್ಲಿ ಗಾಜಿನ ಫ್ಲ್ಯಾಶ್ ಬಲ್ಬು ಬಂತು. ಒಂದು ಚಿತ್ರಕ್ಕೆ ಒಂದು ಬಲ್ಬು ಸುಟ್ಟುಹೋಗುತ್ತಿತ್ತು. 1930ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಗರ್ಟನ್ ಮತ್ತೆ ಮತ್ತೆ ಮಿಂಚಬಲ್ಲ ಎಲೆಕ್ಟ್ರಾನಿಕ್ ಫ್ಲ್ಯಾಶನ್ನು ಛಾಯಾಗ್ರಹಣಕ್ಕೆ ಒಗ್ಗಿಸಿದರು. 1975ರಲ್ಲಿ ಬಂದ ಒಲಿಂಪಸ್ ಓಎಂ-2 ಕ್ಯಾಮೆರಾ, ಲೆನ್ಸಿನೊಳಗೆ ಬಂದ ಫ್ಲ್ಯಾಶ್ ಬೆಳಕನ್ನು ಅಳೆದು ಸಾಕಾದಾಗ ತಾನೇ ನಿಲ್ಲಿಸುವ ಟಿಟಿಎಲ್ ವ್ಯವಸ್ಥೆಗೆ ದಾರಿ ತೋರಿಸಿತು. 2003ರಲ್ಲಿ ನಿಕಾನ್ ಎಸ್‌ಬಿ-800 ಫ್ಲ್ಯಾಶಿನೊಂದಿಗೆ ತಂತಿಯಿಲ್ಲದೆ ಹಲವು ಫ್ಲ್ಯಾಶ್‌ಗಳನ್ನು ನಡೆಸುವುದು ಸುಲಭವಾಯಿತು. 2012ರ ಕ್ಯಾನನ್ 600ಇಎಕ್ಸ್-ಆರ್‌ಟಿಯಲ್ಲಿ ಫ್ಲ್ಯಾಶನ್ನು ದೂರದಿಂದ ನಡೆಸುವ ರೇಡಿಯೊ ಒಳಗೇ ಸೇರಿತು.

ಅಮೆರಿಕದ ಪತ್ರಿಕಾ ಛಾಯಾಗ್ರಾಹಕ ಡೇವಿಡ್ ಹಾಬಿ 2006ರಿಂದ ಬರೆದ ಪಾಠಗಳು ಈ ಕ್ರಮವನ್ನು ವೃತ್ತಿಪರರ ಗುಟ್ಟಾಗಿ ಉಳಿಯಲು ಬಿಡದೆ ಹವ್ಯಾಸಿಗಳ ಕೈಗೂ ಕೊಟ್ಟವು. ನಂತರ ಗೊಡಾಕ್ಸ್, ಯೊಂಗ್ನುವೊ ಮುಂತಾದ ಚೀನೀ ತಯಾರಕರು ಬೆಲೆ ಇಳಿಸಿದ್ದರಿಂದ ಭಾರತದ ಮದುವೆ ಛಾಯಾಗ್ರಾಹಕರ ಚೀಲದಲ್ಲೂ ಎರಡು ಮೂರು ಫ್ಲ್ಯಾಶ್, ಅವನ್ನು ದೂರದಿಂದ ಮಿಂಚಿಸುವ ಒಂದು ಟ್ರಿಗರ್ ಇರುವುದು ಸಾಮಾನ್ಯವಾಯಿತು.

ರಚನೆ

ಸಾಮಾನ್ಯವಾಗಿ ನಾಲ್ಕು ಎಎ ಸೆಲ್‌ಗಳು ಅಥವಾ ಒಂದು ಲಿಥಿಯಂ ಬ್ಯಾಟರಿ ಫ್ಲ್ಯಾಶಿಗೆ ಶಕ್ತಿ ಕೊಡುತ್ತವೆ. ಒಳಗಿನ ಸರ್ಕ್ಯೂಟ್ ಬ್ಯಾಟರಿಯ ವೋಲ್ಟೇಜನ್ನು ಸುಮಾರು 300 ವೋಲ್ಟಿಗೆ ಏರಿಸಿ ಕೆಪಾಸಿಟರಿನಲ್ಲಿ ಕೂಡಿಡುತ್ತದೆ. ಗುಂಡಿ ಒತ್ತಿದಾಗ ಆ ವಿದ್ಯುತ್ ಕ್ಸೆನಾನ್ ಅನಿಲದ ಕೊಳವೆಯ ಮೂಲಕ ಹರಿದು ಮಿಂಚುತ್ತದೆ. ಬೆಳಕಿನ ಬಣ್ಣ ಸುಮಾರು 5500 ಕೆಲ್ವಿನ್, ಅಂದರೆ ಹಗಲಿನ ಬಿಸಿಲಿಗೆ ಹತ್ತಿರ. ಶಕ್ತಿಯನ್ನು ತಗ್ಗಿಸಿದರೆ ಕುಗ್ಗುವುದು ಮುಖ್ಯವಾಗಿ ಮಿಂಚಿನ ಅವಧಿ: ಪೂರ್ಣ ಶಕ್ತಿಯಲ್ಲಿ ಅದು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸಿನಲ್ಲಿದ್ದರೆ, 1/128 ಶಕ್ತಿಯಲ್ಲಿ ಇಪ್ಪತ್ತು ಸಾವಿರದ ಒಂದು ಭಾಗಕ್ಕೂ ಇಳಿಯಬಲ್ಲದು. ಹಾರುವ ನೀರಹನಿ ಚಿತ್ರದಲ್ಲಿ ಸ್ತಬ್ಧವಾಗುವುದು ಇದರಿಂದಲೇ.

ಫ್ಲ್ಯಾಶಿನ ಬಲವನ್ನು ಗೈಡ್ ನಂಬರಿನಿಂದ ಹೇಳುತ್ತಾರೆ. ಅದನ್ನು ಮೀಟರಿನಲ್ಲಿ ಅಳೆದ ದೂರದಿಂದ ಭಾಗಿಸಿದರೆ ಅಪರ್ಚರ್ ಸಿಗುತ್ತದೆ. ಐಎಸ್‌ಒ 100ರಲ್ಲಿ ಗೈಡ್ ನಂಬರ್ 40 ಇರುವ ಫ್ಲ್ಯಾಶ್ 5 ಮೀಟರ್ ದೂರದ ವಸ್ತುವಿಗೆ ಎಫ್/8 ಬೆಳಕು ಕೊಡುತ್ತದೆ. ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಎರಡು ಬೆಳಕುಗಳ ಲೆಕ್ಕ

ಹೊರಾಂಗಣದ ಫ್ಲ್ಯಾಶ್ ಚಿತ್ರವೆಂದರೆ ಒಂದೇ ಚೌಕಟ್ಟಿನಲ್ಲಿ ಎರಡು ಎಕ್ಸ್‌ಪೋಶರುಗಳು. ಆಕಾಶ, ಬೀದಿದೀಪ, ಕಿಟಕಿಯ ಬೆಳಕು ಇವು ಜಾಗದ ಬೆಳಕು; ಶಟರ್ ತೆರೆದಿರುವಷ್ಟು ಹೊತ್ತೂ ಒಳಬರುತ್ತವೆ. ಫ್ಲ್ಯಾಶ್ ಕ್ಷಣಮಾತ್ರದ್ದು. ಆದ್ದರಿಂದ ಶಟರ್ ವೇಗವನ್ನು ಬದಲಿಸಿದರೆ ಹಿನ್ನೆಲೆ ಮಾತ್ರ ಏರಿಳಿಯುತ್ತದೆ. ಅಪರ್ಚರ್ ಮತ್ತು ಐಎಸ್‌ಒ ಎರಡು ಬೆಳಕುಗಳನ್ನೂ ಬದಲಿಸುತ್ತವೆ. ಫ್ಲ್ಯಾಶಿನ ಶಕ್ತಿ ಮತ್ತು ದೂರ ವ್ಯಕ್ತಿಯ ಮೇಲಿನ ಬೆಳಕನ್ನಷ್ಟೇ ಬದಲಿಸುತ್ತವೆ. ಈ ವಿಂಗಡಣೆಯೇ ಈ ಕಲೆಯ ತಿರುಳು. ಮೊದಲು ಫ್ಲ್ಯಾಶನ್ನು ಬಂದ್ ಮಾಡಿ ಜಾಗದ ಬೆಳಕನ್ನು ತನಗೆ ಬೇಕಾದಷ್ಟು ಗಾಢವಾಗಿ ಹಿಡಿಯಬೇಕು; ಆಮೇಲೆ ಫ್ಲ್ಯಾಶ್ ಸೇರಿಸಬೇಕು.

ಸಂಜೆಯ ಒಂದು ಲೆಕ್ಕ: ಐಎಸ್‌ಒ 400, ಎಫ್/4, 1/60 ಸೆಕೆಂಡಿಗೆ ಆಕಾಶ ಸರಿಯಾಗಿ ಬರುತ್ತಿದೆ ಎಂದುಕೊಳ್ಳೋಣ. ಶಟರನ್ನು 1/125ಕ್ಕೆ ಏರಿಸಿದರೆ ಆಕಾಶ ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಗಾಢವಾಗುತ್ತದೆ. ಐಎಸ್‌ಒ 400ರಲ್ಲಿ ಮೇಲಿನ ಫ್ಲ್ಯಾಶಿನ ಗೈಡ್ ನಂಬರ್ 80 ಆಗುತ್ತದೆ. ಎರಡೂವರೆ ಮೀಟರ್ ದೂರದ ಮುಖಕ್ಕೆ ಎಫ್/4ರಲ್ಲಿ ಬೇಕಿರುವ ಗೈಡ್ ನಂಬರ್ 10 ಮಾತ್ರ, ಅಂದರೆ 1/64 ಶಕ್ತಿ ಸಾಕು. ಎರಡು ಸ್ಟಾಪ್ ನುಂಗುವ ಬಿಳಿ ಛತ್ರಿಯ ಮೂಲಕ ಹಾಯಿಸಿದರೂ 1/16 ಸಾಕು. ಬ್ಯಾಟರಿ ಬಹಳ ಹೊತ್ತು ಬಾಳುತ್ತದೆ, ಫ್ಲ್ಯಾಶ್ ತಕ್ಷಣ ಮತ್ತೆ ತಯಾರಾಗುತ್ತದೆ.

ನಡುಹಗಲಲ್ಲಿ ಲೆಕ್ಕ ಕಠಿಣ. ಹೆಚ್ಚಿನ ಕ್ಯಾಮೆರಾಗಳ ಶಟರ್ 1/200 ಅಥವಾ 1/250 ಸೆಕೆಂಡಿಗಿಂತ ವೇಗವಾದರೆ ಸಾಮಾನ್ಯ ಫ್ಲ್ಯಾಶಿಗೆ ಹೊಂದುವುದಿಲ್ಲ. ಬಿಸಿಲಿನಲ್ಲಿ ಐಎಸ್‌ಒ 100, 1/250 ಇಟ್ಟರೆ ಅಪರ್ಚರ್ ಎಫ್/11ರ ಹತ್ತಿರ ಹೋಗುತ್ತದೆ. ಗೈಡ್ ನಂಬರ್ 40ರ ಫ್ಲ್ಯಾಶ್ ಪೂರ್ಣ ಶಕ್ತಿಯಲ್ಲೂ ಮೂರೂವರೆ ಮೀಟರಿಗೆ ಮುಗಿಯುತ್ತದೆ, ಛತ್ರಿ ಹಾಕಿದರೆ ಎರಡು ಮೀಟರಿಗೂ ಸಾಲದು. ಹೈಸ್ಪೀಡ್ ಸಿಂಕ್ ಎಂಬ ವಿಧಾನ ಶಟರ್ ವೇಗದ ಮಿತಿಯನ್ನು ದಾಟಿಸುತ್ತದೆ, ಆದರೆ ಬಲವನ್ನು ಬಹಳಷ್ಟು ತಗ್ಗಿಸುತ್ತದೆ. ಹೀಗಾಗಿ ಸಣ್ಣ ಫ್ಲ್ಯಾಶಿನ ನಿಜವಾದ ಹೊತ್ತು ಮುಸ್ಸಂಜೆ, ನೆರಳು ಮತ್ತು ಮೋಡ.

ಬೆಳಕಿನ ಗುಣ

ವ್ಯಕ್ತಿಗೆ ಹೋಲಿಸಿದಂತೆ ಬೆಳಕಿನ ಮೂಲ ದೊಡ್ಡದಾದಷ್ಟೂ ನೆರಳಿನ ಅಂಚು ಮೃದು. ಛತ್ರಿ, ಸಾಫ್ಟ್‌ಬಾಕ್ಸ್, ಬಿಳಿ ಗೋಡೆ, ಬಿಳಿ ಪಂಚೆ ಎಲ್ಲವೂ ಮೂಲವನ್ನು ದೊಡ್ಡದು ಮಾಡುತ್ತವೆ. ಹತ್ತಿರ ತಂದರೆ ಇನ್ನೂ ಮೃದು. ಬರಿಯ ಫ್ಲ್ಯಾಶಿನ ಗಡುಸು ಬೆಳಕಿಗೂ ಜಾಗವಿದೆ: ಕಲ್ಲಿನ ಒರಟುತನ, ಹಿರಿಯರ ಮುಖದ ಗೆರೆಗಳು ಪಕ್ಕದ ಗಡುಸು ಬೆಳಕಿನಲ್ಲಿ ಎದ್ದು ಕಾಣುತ್ತವೆ.

ಬಣ್ಣಕ್ಕೆ ಜೆಲ್ ಹಾಳೆಗಳಿವೆ. ಫ್ಲ್ಯಾಶಿಗೆ ಪೂರ್ಣ ಕಿತ್ತಳೆ ಜೆಲ್ ಹಚ್ಚಿ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು ಟಂಗ್‌ಸ್ಟನ್‌ಗೆ ಇಟ್ಟರೆ ಮುಖದ ಬಣ್ಣ ಸಹಜವಾಗಿ ಉಳಿದು ಬೂದು ಆಕಾಶ ಕಡುನೀಲಿಯಾಗುತ್ತದೆ. ಮಳೆಗಾಲದ ಮೋಡ ಕವಿದ ಸಂಜೆಗೆ ಇದು ಹೇಳಿಮಾಡಿಸಿದ ಉಪಾಯ.

ಕೋಥರೂಡ: ಜಾಗವೇ ಪಾಠ

ಕೋಥರೂಡದ ಉತ್ತರಕ್ಕೆ ವೇತಾಳ ಟೇಕಡಿ ಇದೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಈ ಗುಡ್ಡದ ಮೇಲೆ ಭಾರತೀಯ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ಇರುವುದರಿಂದ ಜನ ಅದನ್ನು ಎಆರ್‌ಎಐ ಟೇಕಡಿ ಎಂದೂ ಕರೆಯುತ್ತಾರೆ. ಹಳೆಯ ಕಲ್ಲುಗಣಿಯಲ್ಲಿ ದಖ್ಖನ್ನಿನ ಕಪ್ಪು ಬಸಾಲ್ಟ್ ಬಯಲಾಗಿ ನಿಂತಿದೆ. ಕಪ್ಪುಕಲ್ಲು ಬೆಳಕನ್ನು ನುಂಗುವುದರಿಂದ ಎದುರಿನಿಂದ ಹೊಡೆದ ಫ್ಲ್ಯಾಶಿಗೆ ಅದು ಬರಿ ಕರಿಯ ಗೋಡೆ; ಪಕ್ಕದಿಂದ ಸವರುವಂತೆ ಹಾಯಿಸಿದರೆ ಪದರ ಪದರವಾಗಿ ಕಾಣುತ್ತದೆ. ಗುಡ್ಡದ ಗಾಳಿಗೆ ಛತ್ರಿ ಹಾರುವುದು ಖಂಡಿತ. ಸ್ಟ್ಯಾಂಡಿನ ಬುಡಕ್ಕೆ ಕಲ್ಲು ತುಂಬಿದ ಚೀಲ ಕಟ್ಟಲೇಬೇಕು.

ಪುಣೆಯಲ್ಲಿ ಸೂರ್ಯ ಡಿಸೆಂಬರಿನ ಆರಂಭದಲ್ಲಿ ಸುಮಾರು 6 ಗಂಟೆಗೆ, ಜೂನ್ ಕೊನೆಯಲ್ಲಿ ಸುಮಾರು 7 ಗಂಟೆ 15 ನಿಮಿಷಕ್ಕೆ ಮುಳುಗುತ್ತಾನೆ. ಆಮೇಲಿನ ಒಳ್ಳೆಯ ಬೆಳಕು 20ರಿಂದ 25 ನಿಮಿಷ ಮಾತ್ರ. ಗುಡ್ಡದ ಕೆಳಗಿನ ಪೌಡ್ ರಸ್ತೆಯ ದೀಪಗಳು ಹತ್ತುವ ಹೊತ್ತೂ ಅದೇ. ಆದ್ದರಿಂದ ಬೆಳಕಿರುವಾಗಲೇ ಸ್ಟ್ಯಾಂಡ್ ಹೂಡಿ, ಫ್ಲ್ಯಾಶಿನ ಶಕ್ತಿ ಗೊತ್ತುಮಾಡಿಕೊಂಡಿರಬೇಕು. ಕತ್ತಲು ಇಳಿದಂತೆ ಶಟರನ್ನು ಮಾತ್ರ ನಿಧಾನಗೊಳಿಸುತ್ತ ಹೋಗಬೇಕು.

ಕೆಳಗೆ ಪೌಡ್ ರಸ್ತೆಯ ಮೇಲೂ ಹಾದುಹೋಗುವ, ವನಾಜ್‌ನಿಂದ ಗರವಾರೆ ಕಾಲೇಜಿನವರೆಗಿನ ಮೆಟ್ರೊ 2022ರ ಮಾರ್ಚ್ 6ರಂದು ಆರಂಭವಾಯಿತು. ಅದರ ಮೇಲ್ಸೇತುವೆಯ ಕಾಂಕ್ರೀಟ್ ಕಂಬಗಳು ಸಿದ್ಧ ಹಿನ್ನೆಲೆ. ರಸ್ತೆಬದಿಯಲ್ಲಿ ಕ್ಯಾಮೆರಾವನ್ನು ಟ್ರೈಪಾಡಿಗೆ ಕೂರಿಸಿ ಶಟರನ್ನು ಒಂದು ಸೆಕೆಂಡ್ ತೆರೆದಿಟ್ಟರೆ ವಾಹನಗಳ ದೀಪಗಳು ಗೆರೆಗಳಾಗುತ್ತವೆ, ಫ್ಲ್ಯಾಶ್ ಬಿದ್ದ ವ್ಯಕ್ತಿ ಮಾತ್ರ ಸ್ಪಷ್ಟವಾಗಿ ನಿಲ್ಲುತ್ತಾರೆ. ಫ್ಲ್ಯಾಶನ್ನು ಶಟರ್ ಮುಚ್ಚುವ ಮುನ್ನ ಹಾರಿಸುವ ರಿಯರ್ ಕರ್ಟನ್ ಸಿಂಕ್ ಬಳಸಿದರೆ ಚಲಿಸುವ ವಸ್ತುವಿನ ಬೆಳಕಿನ ಗೆರೆ ಅದರ ಹಿಂದೆ ಉಳಿಯುತ್ತದೆ.

ಗಣೇಶೋತ್ಸವಕ್ಕೆ ಮುಂಚಿನ ವಾರಗಳಲ್ಲಿ ಪುಣೆಯ ಢೋಲ್-ತಾಶಾ ವಾದ್ಯ ತಂಡಗಳು ಮುಠಾ ನದಿಯ ದಂಡೆಯಂಥ ತೆರೆದ ಜಾಗಗಳಲ್ಲಿ ತಾಲೀಮು ನಡೆಸುತ್ತವೆ. 1/15 ಸೆಕೆಂಡಿನ ಶಟರಿನಲ್ಲಿ ಕೋಲಿನ ಓಟ ಮಸುಕಾಗಿ, ಫ್ಲ್ಯಾಶಿನಲ್ಲಿ ವಾದಕರ ಮುಖ ನಿಚ್ಚಳವಾಗಿ ಒಂದೇ ಚಿತ್ರದಲ್ಲಿ ಬರುತ್ತವೆ. ಮಳೆಹನಿ, ಗುಲಾಲಿನ ಧೂಳು ಕಾಣಬೇಕಾದರೆ ಫ್ಲ್ಯಾಶ್ ಅವುಗಳ ಹಿಂದೆ ಇರಬೇಕು. ಎದುರಿನಿಂದ ಹೊಡೆದರೆ ಹತ್ತಿರದ ಹನಿಗಳು ಬಿಳಿ ಕಲೆಗಳಾಗುತ್ತವೆ.

ಕೋಥರೂಡಕ್ಕೆ ಹೊಂದಿಕೊಂಡ ಎರಂಡವಣೆಯ ಗಣೇಶನಗರದಲ್ಲಿ ಪುಣೆ ಕನ್ನಡ ಸಂಘದ ಡಾ. ಕಲ್ಮಾಡಿ ಶಾಮರಾವ್ ಶಾಲೆ ಇದೆ. ಪುಣೆಯ ಕನ್ನಡಿಗರ ಸಾಂಸ್ಕೃತಿಕ ಬದುಕಿನ ಒಂದು ಕೇಂದ್ರ ಅದು. ಇಂಥ ಕೇಂದ್ರಗಳಲ್ಲಿ ನಡೆಯುವ ಯಕ್ಷಗಾನದಂಥ ಪ್ರದರ್ಶನದಲ್ಲಿ ಸಭೆಯಿಂದ ಫ್ಲ್ಯಾಶ್ ಹೊಡೆಯುವುದು ಕಲಾವಿದರ ಕಣ್ಣಿಗೂ ರಂಗದ ಬೆಳಕಿಗೂ ಕೇಡು. ಫ್ಲ್ಯಾಶಿನ ಜಾಗ ಚೌಕಿ, ಅಂದರೆ ಬಣ್ಣದ ಕೋಣೆ. ಬಣ್ಣ ಹಚ್ಚಿಕೊಳ್ಳುವ ಕಲಾವಿದರ ಒಪ್ಪಿಗೆ ಪಡೆದು ಫ್ಲ್ಯಾಶನ್ನು ಬಿಳಿ ಗೋಡೆಗೆ ಬೌನ್ಸ್ ಮಾಡಿದರೆ ಮುಖವರ್ಣಿಕೆಯ ಬಣ್ಣ ನಿಜವಾಗಿ ಬರುತ್ತದೆ, ಕಿರೀಟದ ಹೊಳಪೂ ಕಣ್ಣು ಕುಕ್ಕುವುದಿಲ್ಲ.

ಕರ್ನಾಟಕದ ಪರಂಪರೆ

ಕರ್ನಾಟಕದಲ್ಲಿ ಫ್ಲ್ಯಾಶನ್ನು ಕಾಡಿಗೆ ಒಯ್ದು ಕಲೆಯಾಗಿಸಿದವರಲ್ಲಿ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಪ್ರಮುಖರು. ಬೆಂಗಳೂರಿನಲ್ಲಿ 1971ರಲ್ಲಿ ಹುಟ್ಟಿದ ಯೂತ್ ಫೊಟೊಗ್ರಾಫಿಕ್ ಸೊಸೈಟಿ ಹವ್ಯಾಸಿಗಳ ಹಲವು ಪೀಳಿಗೆಗಳನ್ನು ಬೆಳೆಸಿದೆ.

ಎಚ್ಚರ

ವಾಹನ ಓಡಿಸುವವರತ್ತ, ಮೆಟ್ರೊ ಚಾಲಕರತ್ತ ಫ್ಲ್ಯಾಶ್ ಹಾರಿಸಬಾರದು. ಅಜಂತಾದಂಥ ಚಿತ್ರಗುಹೆಗಳಲ್ಲಿ ಫ್ಲ್ಯಾಶಿಗೆ ನಿಷೇಧವಿದೆ. ನಿಲ್ದಾಣ, ದೇವಸ್ಥಾನ, ಸಂರಕ್ಷಿತ ಸ್ಮಾರಕಗಳಲ್ಲಿ ಸ್ಟ್ಯಾಂಡ್ ಹೂಡುವ ಮುನ್ನ ಅನುಮತಿ ಕೇಳಬೇಕು. ಟೇಕಡಿ ನವಿಲುಗಳಿಗೂ ನಿಶಾಚರ ಹಕ್ಕಿಗಳಿಗೂ ಮನೆ. ಗೂಡಿನ ಹತ್ತಿರ ಫ್ಲ್ಯಾಶ್ ಬೇಡ. ಕೆಟ್ಟ ಫ್ಲ್ಯಾಶನ್ನು ಮನೆಯಲ್ಲಿ ಬಿಚ್ಚಬಾರದು, ಬ್ಯಾಟರಿ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಕಲಿಯಲು ಹೊರಟವರಿಗೆ ಒಂದು ಫ್ಲ್ಯಾಶ್, ಒಂದು ಟ್ರಿಗರ್, ಒಂದು ಸ್ಟ್ಯಾಂಡ್, ಒಂದು ಬಿಳಿ ಛತ್ರಿ ಸಾಕು. ಜಾಗದ ಬೆಳಕನ್ನು ಅಳಿಸಿಹಾಕುವ ಫ್ಲ್ಯಾಶ್ ಚಿತ್ರವನ್ನು ಎಲ್ಲಿ ಬೇಕಾದರೂ ತೆಗೆಯಬಹುದು. ಆ ಬೆಳಕನ್ನು ಉಳಿಸಿಕೊಂಡು ವ್ಯಕ್ತಿಯನ್ನು ಎತ್ತಿ ತೋರಿಸುವ ಚಿತ್ರವೇ ಈ ಕಲೆಯ ಸಾರ್ಥಕತೆ.